ಗುರುತೇ ಸಿಗದ ಹಳೆಯ ವಿದೇಶಿ ನಾಣ್ಯಗಳು: ಹೆಸರು ಪತ್ತೆಗೆ ಯಾವ ದಾರಿ, ಬೆಲೆಗೆ ಯಾವ ದಾರಿ?

ಹಳೆಯ ಡಬ್ಬಿಯಲ್ಲೊಂದು ವಿದೇಶಿ ನಾಣ್ಯಗಳ ರಾಶಿ ಸಿಕ್ಕಿದವರೆಲ್ಲ ಕೇಳುವುದು ಎರಡೇ ಪ್ರಶ್ನೆ. ಇದು ಯಾವ ದೇಶದ್ದು? ಇದಕ್ಕೆ ಎಷ್ಟು ಬೆಲೆ? ಉತ್ತರ ಹುಡುಕಲು ಹೊರಟರೆ ದಾರಿಗಳು ಹತ್ತಾರು. ಫೋನ್ ಆ್ಯಪ್ ಇದೆ, ಆನ್‌ಲೈನ್ ಕ್ಯಾಟಲಾಗ್ ಇದೆ, ಇಟ್ಟಿಗೆಯಷ್ಟು ದಪ್ಪದ ಪುಸ್ತಕಗಳಿವೆ, ಡೀಲರ್‌ಗಳಿದ್ದಾರೆ, ಹರಾಜು ಸಂಸ್ಥೆಗಳಿವೆ. ದುಡ್ಡು ಕೊಟ್ಟರೆ ನಾಣ್ಯವನ್ನು ಪರೀಕ್ಷಿಸಿ, ದರ್ಜೆ ಬರೆದು, ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮುಚ್ಚಿ ಕೊಡುವವರೂ ಇದ್ದಾರೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾರ ಮಾತು ನಂಬುವುದು ಅಂತ ತಿಳಿಯದೆ ಎಷ್ಟೋ ಜನ ಡಬ್ಬಿಯನ್ನು ಮತ್ತೆ ಅಟ್ಟಕ್ಕೇ ಸೇರಿಸಿಬಿಡುತ್ತಾರೆ.

ಗೊಂದಲ ಹುಟ್ಟುವುದು ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಏಟಿಗೆ ಮುಗಿಸಲು ಹೋದಾಗ. ನಾಣ್ಯ ಯಾವುದು ಅಂತ ತಿಳಿಯುವುದು ಒಂದು ಕೆಲಸ. ಅದಕ್ಕೆ ಎಷ್ಟು ಬೆಲೆ ಅಂತ ತಿಳಿಯುವುದು ಇನ್ನೊಂದು. ಮೊದಲನೆಯದಕ್ಕೆ ಒಳ್ಳೆಯದಾದ ಸಾಧನ ಎರಡನೆಯದಕ್ಕೆ ಪೂರ್ತಿ ದಾರಿ ತಪ್ಪಿಸಬಹುದು. ಹಾಗಾಗಿ ಇಲ್ಲಿ ಎರಡನ್ನೂ ಬೇರೆ ಬೇರೆಯಾಗಿಯೇ ತೂಗಿ ನೋಡೋಣ.

ಯಾವುದರಿಂದ ಅಳೆಯಬೇಕು

ಯಾವ ದಾರಿಯಾದರೂ ಸರಿ, ನಾನು ಅದಕ್ಕೆ ಐದು ಪ್ರಶ್ನೆ ಹಾಕುತ್ತೇನೆ. ನಾಣ್ಯದ ಮೇಲಿನ ಲಿಪಿ ನಮಗೆ ಓದಲು ಬಾರದಿದ್ದರೂ ಇದು ಕೆಲಸ ಮಾಡುತ್ತದೆಯೇ? ದೇಶ ಮತ್ತು ಮುಖಬೆಲೆ ಹೇಳಿ ಸುಮ್ಮನಾಗುತ್ತದೆಯೇ, ಇಲ್ಲ ಇಸವಿ, ಟಂಕಸಾಲೆ, ಅಚ್ಚಿನ ಸಣ್ಣ ವ್ಯತ್ಯಾಸದವರೆಗೂ ಹೋಗುತ್ತದೆಯೇ? ಅಸಲಿ, ನಕಲಿ ಹೇಳಬಲ್ಲದೇ? ಹೇಳುವ ಬೆಲೆ ಯಾರೋ ನಿಜವಾಗಿ ಕೊಟ್ಟ ಹಣವೇ, ಬರೀ ಕೇಳಿದ ಹಣವೇ? ಕೊನೆಯದು, ಹೇಳುವವರಿಗೆ ಅದರಲ್ಲಿ ಸ್ವಂತ ಲಾಭ ಇದೆಯೇ?

ಖರ್ಚು ಮತ್ತು ಸಮಯ ಹೇಗೂ ಲೆಕ್ಕಕ್ಕೆ ಬರುತ್ತವೆ. ನೂರಾರು ನಾಣ್ಯ ಇದ್ದವರಿಗೆ ಒಂದೊಂದಕ್ಕೂ ಅರ್ಧ ಗಂಟೆ ಕೂರಲಾಗದು. ಒಂದೇ ನಾಣ್ಯ ಇದ್ದವರಿಗೆ ಅರ್ಧ ದಿನ ಕಳೆದರೂ ನಷ್ಟವಿಲ್ಲ.

ಒಂದು ಮಾತು ಮೊದಲೇ ಹೇಳಬೇಕು. ಯಾವ ದಾರಿ ಆರಿಸಿದರೂ ನಾಣ್ಯವನ್ನು ತೊಳೆದು ಉಜ್ಜಬೇಡಿ. ಹುಣಸೆಹುಳಿ, ಟೂತ್‌ಪೇಸ್ಟ್, ಬೆಳ್ಳಿ ಪಾಲಿಶ್ ಯಾವುದೂ ಬೇಡ. ಕಾಲಕ್ರಮದಲ್ಲಿ ಕೂತ ಬಣ್ಣದ ಪದರ ನಾಣ್ಯದ ಭಾಗವೇ. ಅದನ್ನು ಕಿತ್ತರೆ ಮೇಲ್ಮೈಯಲ್ಲಿ ಕೂದಲೆಳೆಯಂಥ ಗೀರುಗಳು ಉಳಿಯುತ್ತವೆ. ದೀಪದ ಕೆಳಗೆ ಓರೆಯಾಗಿ ಹಿಡಿದರೆ ಅನುಭವಿಗಳಿಗೆ ಅವು ತಕ್ಷಣ ಕಾಣುತ್ತವೆ, ಬೆಲೆ ಅಲ್ಲೇ ಬೀಳುತ್ತದೆ. ಈ ಹಾನಿಯನ್ನು ಯಾರೂ ಸರಿಪಡಿಸಲಾರರು.

ಕೈಗೆ ಬೇಕಾದ ಸಾಮಾನು ಕಡಿಮೆ. 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ವ್ಯಾಸ ಅಳೆಯಲು ಒಂದು ಕ್ಯಾಲಿಪರ್, ಒಂದು ಭೂತಗನ್ನಡಿ, ಒಂದು ಅಯಸ್ಕಾಂತ. ತೂಕ ಮತ್ತು ವ್ಯಾಸ ಬರೆದಿಟ್ಟುಕೊಂಡರೆ ಮುಂದಿನ ಎಲ್ಲ ದಾರಿಯೂ ಸಲೀಸು. ಬರೀ ಫೋಟೋ ಹಿಡಿದು ಹೊರಟವರಿಗಿಂತ ತೂಕ ಗೊತ್ತಿದ್ದವರು ಬೇಗ ಗುರಿ ಮುಟ್ಟುತ್ತಾರೆ.

ಗುರುತಿಸಲು: ಫೋನ್ ಆ್ಯಪ್

ಬೇಗ ಆಗಬೇಕು ಅನ್ನುವವರ ಮೊದಲ ಆಯ್ಕೆ ಇದೇ. ಗೂಗಲ್ ಲೆನ್ಸ್ ಅಥವಾ ಕಾಯಿನೋಸ್ಕೋಪ್‌ನಂಥ ಆ್ಯಪ್‌ಗೆ ಫೋಟೋ ಕೊಟ್ಟರೆ ಅದೇ ಥರ ಕಾಣುವ ನಾಣ್ಯಗಳನ್ನು ಸಾಲಾಗಿ ತೋರಿಸುತ್ತದೆ. ಲಿಪಿ ಬಾರದಿದ್ದರೂ ಪರವಾಗಿಲ್ಲ, ಅದೇ ಇದರ ದೊಡ್ಡ ಗುಣ. ಇಪ್ಪತ್ತನೇ ಶತಮಾನದ, ಯಂತ್ರದಲ್ಲಿ ಅಚ್ಚಾದ, ಹೆಚ್ಚು ಸವೆಯದ ನಾಣ್ಯಗಳಲ್ಲಿ ಸಾಮಾನ್ಯವಾಗಿ ದೇಶ ಸರಿಯಾಗಿ ಸಿಗುತ್ತದೆ.

ಎಡವುವುದು ಅದರಾಚೆಗೆ. ಆ್ಯಪ್ ನೋಡುವುದು ಚಿತ್ರವನ್ನು ಮಾತ್ರ. ಒಂದೇ ರಾಜನ ತಲೆ ಇರುವ ನಾಣ್ಯ ಬೇರೆ ಬೇರೆ ಲೋಹಗಳಲ್ಲಿ ಬಂದಿದ್ದರೆ ಅದಕ್ಕೆ ವ್ಯತ್ಯಾಸ ಕಾಣದು. ಇಂಗ್ಲೆಂಡಿನ ಹಾಫ್ ಕ್ರೌನ್ ಇದಕ್ಕೆ ಒಳ್ಳೆಯ ಉದಾಹರಣೆ. ಐದನೇ ಜಾರ್ಜ್ ತಲೆಯ 1919ರದ್ದು, 1920ರದ್ದು, ಆರನೇ ಜಾರ್ಜ್ ತಲೆಯ 1946ರದ್ದು, 1947ರದ್ದು ನಾಲ್ಕನ್ನೂ ಪಕ್ಕಪಕ್ಕ ಇಡಿ. ನಾಲ್ಕೂ 32 ಮಿಲಿಮೀಟರ್, ನಾಲ್ಕೂ ಸುಮಾರು 14.1 ಗ್ರಾಂ. ಆದರೆ 1919ರವರೆಗಿನದರಲ್ಲಿ ಸಾವಿರಕ್ಕೆ 925 ಪಾಲು ಬೆಳ್ಳಿ, ಅಂದರೆ ಹೆಚ್ಚುಕಡಿಮೆ 13 ಗ್ರಾಂ. 1920ರಿಂದ 1946ರವರೆಗಿನದರಲ್ಲಿ ಅರ್ಧ ಮಾತ್ರ ಬೆಳ್ಳಿ, 7 ಗ್ರಾಂ. 1947ರಿಂದ ಬರೀ ತಾಮ್ರ ಮತ್ತು ನಿಕ್ಕಲ್, ಬೆಳ್ಳಿ ಒಂದು ಚೂರೂ ಇಲ್ಲ. ಒಂದೇ ರಾಜನ ಜೋಡಿಯಲ್ಲಿ ಆ್ಯಪ್ ಯಾವುದರ ಪುಟ ತೆರೆದರೂ ನಿಮಗೆ ಚಿತ್ರ ಸರಿಯಾಗಿಯೇ ಕಾಣುತ್ತದೆ. ಇಸವಿಯನ್ನು ಕಣ್ಣಾರೆ ಓದಬೇಕಾದವರು ನೀವೇ.

ಕೆಲವು ಆ್ಯಪ್‌ಗಳು ಫೋಟೋ ತೆಗೆದ ಮರುಕ್ಷಣ ಬೆಲೆಯನ್ನೂ ಹೇಳುತ್ತವೆ. ಅದನ್ನು ಪಕ್ಕಕ್ಕಿಡಿ. ನಾಣ್ಯದ ಸ್ಥಿತಿ, ಟಂಕಸಾಲೆ, ಅಸಲಿಯೋ ನಕಲಿಯೋ ಯಾವುದನ್ನೂ ಖಾತ್ರಿ ಮಾಡಿಕೊಳ್ಳದೆ ಹೇಳುವ ಬೆಲೆ ಅದು. ಅದನ್ನು ನಂಬಿ ತಿಂಗಳ ಚಂದಾ ಕಟ್ಟುವುದು ನನಗೆ ಸರಿ ಕಾಣದು. ಆ್ಯಪ್ ಬೇಕಿರುವುದು ಒಂದು ಸುಳಿವಿಗೆ, ಹೆಚ್ಚೆಂದರೆ ದೇಶದ ಹೆಸರಿಗೆ.

ಆನ್‌ಲೈನ್ ಕ್ಯಾಟಲಾಗ್

ಒಂದೇ ಒಂದು ಸಾಧನ ಆರಿಸಿ ಅಂದರೆ ನಾನು ನ್ಯುಮಿಸ್ಟಾವನ್ನೇ ಆರಿಸುತ್ತೇನೆ. 2007ರಲ್ಲಿ ಶುರುವಾದ ಇದನ್ನು ಲೋಕದ ಎಲ್ಲೆಡೆಯ ಸಂಗ್ರಾಹಕರು ಸೇರಿ ಬೆಳೆಸುತ್ತಿದ್ದಾರೆ. ನೋಡಲು ದುಡ್ಡು ಕೊಡಬೇಕಿಲ್ಲ. ಒಂದೊಂದು ನಾಣ್ಯಕ್ಕೂ ಒಂದು ಪುಟ. ಅದರಲ್ಲಿ ಎರಡೂ ಬದಿಯ ಚಿತ್ರ, ಲೋಹ, ತೂಕ, ವ್ಯಾಸ, ಅಂಚಿನ ವಿವರ, ಅಚ್ಚಾದ ಇಸವಿಗಳ ಪಟ್ಟಿ. ದೇಶ ಗೊತ್ತಿಲ್ಲದಿದ್ದರೂ ಚಿತ್ರ, ವ್ಯಾಸ, ಲೋಹದ ಮೇಲೆ ಹುಡುಕಬಹುದು.

ಇಲ್ಲಿ ನಿಮ್ಮ ತಕ್ಕಡಿ ಫಲ ಕೊಡುತ್ತದೆ. ಪುಟದಲ್ಲಿ 5 ಗ್ರಾಂ ಅಂತ ಇದ್ದು ನಿಮ್ಮದು 4.9 ತೂಗಿದರೆ ಅದು ಸವೆತ. 4.1 ತೂಗಿದರೆ ಬೇರೆ ನಾಣ್ಯ ಇರಬೇಕು, ಇಲ್ಲವೇ ನಕಲಿ. ಆ್ಯಪ್‌ಗೆ ಈ ತಾಳೆ ನೋಡುವ ಶಕ್ತಿಯಿಲ್ಲ.

ದೇಶದ ಹೆಸರೇ ಬೇರೆ ವೇಷದಲ್ಲಿ ಇರುತ್ತದೆ ಅನ್ನುವುದನ್ನು ನೆನಪಿಡಿ. ಹೆಲ್ವೆಟಿಯಾ ಅಂತ ಇದ್ದರೆ ಸ್ವಿಟ್ಜರ್‌ಲೆಂಡ್. ಮಾಗ್ಯಾರ್ ಅಂತ ಇದ್ದರೆ ಹಂಗೆರಿ. ಸುವೊಮಿ ಅಂದರೆ ಫಿನ್‌ಲೆಂಡ್. ಇಂಗ್ಲಿಷಿನ ಮೂರು ಸಿ, ಒಂದು ಪಿ ಕಂಡರೆ ಸೋವಿಯತ್ ಒಕ್ಕೂಟ, ಅವು ರಷ್ಯನ್ ಅಕ್ಷರಗಳು. ಇಷ್ಟು ಗೊತ್ತಿದ್ದರೆ ಯುರೋಪಿನ ರಾಶಿಯಲ್ಲಿ ದೊಡ್ಡ ಪಾಲು ತಾನಾಗಿಯೇ ಬಗೆಹರಿಯುತ್ತದೆ.

ಓದಲಾಗದ ಲಿಪಿಯ ನಾಣ್ಯಗಳ ಕಥೆ ಬೇರೆ. ಜನ ಹೆಚ್ಚು ಹೆದರುವುದು ಇವಕ್ಕೇ, ಆದರೆ ನಿಜವಾದ ಖುಷಿ ಇರುವುದೂ ಇವುಗಳಲ್ಲೇ. ಒಟ್ಟೋಮನ್ ತುರ್ಕಿಯ ಒಂದು ಬೆಳ್ಳಿ ನಾಣ್ಯ ಕೈಯಲ್ಲಿದೆ ಅಂತಿಟ್ಟುಕೊಳ್ಳಿ. ಒಂದು ಬದಿಯಲ್ಲಿ ಸುತ್ತಿಸುತ್ತಿ ಬರೆದ ಸುಲ್ತಾನನ ಸಹಿ. ಅಂಕಿಗಳು ಅರೇಬಿಕ್. ಆ ಲಿಪಿಯಲ್ಲಿ ಸೊನ್ನೆ ಅಂದರೆ ಬರೀ ಒಂದು ಚುಕ್ಕೆ, ನಮಗೆ ಸೊನ್ನೆಯಂತೆ ಕಾಣುವ ಉಂಗುರ ಅಲ್ಲಿ 5. ಇಂಗ್ಲಿಷಿನ ವಿ ಆಕಾರ ಇದ್ದರೆ 7, ಅದೇ ತಲೆಕೆಳಗಾಗಿದ್ದರೆ 8. ನಮ್ಮ ಕಣ್ಣಿಗೆ 7ರಂತೆ ಕಾಣುವುದು ಅಲ್ಲಿ 6. ಹೀಗೆ ಓದುತ್ತ ಹೋದರೆ 1293 ಅಂತ ಬರುತ್ತದೆ. ಇನ್ನೊಂದು ಕಡೆ ಸಣ್ಣದಾಗಿ 25 ಇದೆ. 1293 ಅನ್ನುವುದು ನಾಣ್ಯ ಅಚ್ಚಾದ ವರ್ಷವಲ್ಲ, ಎರಡನೇ ಅಬ್ದುಲ್ ಹಮೀದ್ ಪಟ್ಟಕ್ಕೆ ಬಂದ ಹಿಜ್ರಿ ವರ್ಷ. 25 ಅವನ ಆಳ್ವಿಕೆಯ ಎಷ್ಟನೇ ವರ್ಷ ಅನ್ನುವುದು. ಪಟ್ಟಕ್ಕೆ ಬಂದ ವರ್ಷವೇ ಒಂದನೆಯದು, ಹಾಗಾಗಿ 1293ಕ್ಕೆ 24 ಕೂಡಿಸಿದರೆ ಹಿಜ್ರಿ 1317. ಅದನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ 1899ರ ಆಸುಪಾಸು. ಆ್ಯಪ್ ಇದನ್ನು 1876ರ ನಾಣ್ಯ ಅಂತ ಹೇಳಿ ಮುಗಿಸಿದರೆ 23 ವರ್ಷ ತಪ್ಪುತ್ತದೆ.

ಬೇರೆ ಪಂಚಾಂಗಗಳೂ ಹೀಗೇ ಪಳಗುತ್ತವೆ. ಥಾಯ್ ನಾಣ್ಯದ ಬೌದ್ಧ ವರ್ಷದಿಂದ 543 ಕಳೆಯಿರಿ, 2505 ಅಂದರೆ 1962. ಜಪಾನಿನಲ್ಲಿ ಚಕ್ರವರ್ತಿಯ ಕಾಲದ ಲೆಕ್ಕ. ಶೋವಾ ವರ್ಷಕ್ಕೆ 1925 ಕೂಡಿಸಬೇಕು, ಶೋವಾ 50 ಅಂದರೆ 1975. ಮೇಜಿ ವರ್ಷಕ್ಕೆ 1867. ನಡುವೆ ತೂತಿರುವ ಹಿತ್ತಾಳೆಯ ಜಪಾನಿ 5 ಯೆನ್ ತುಂಬಾ ಜನರನ್ನು ಮರುಳು ಮಾಡುತ್ತದೆ. ಅದರಲ್ಲಿ ನಮಗೆ ಓದಲಾಗುವ ಅಂಕಿ ಒಂದೂ ಇಲ್ಲ. ಬರೀ ಅಕ್ಷರಗಳು, ಭತ್ತದ ತೆನೆ, ತೂತಿನ ಸುತ್ತ ಹಲ್ಲುಚಕ್ರ. ಇದೇನೋ ಪುರಾತನ ಚೀನಾದ್ದು ಅನ್ನಿಸಿಬಿಡುತ್ತದೆ, ಅಲ್ವಾ? ಇವತ್ತಿಗೂ ಚಲಾವಣೆಯಲ್ಲಿರುವ ಚಿಲ್ಲರೆ ಅದು. ನಿಜವಾಗಿ ಹಳೆಯ ಚೀನೀ ನಾಣ್ಯದ ತೂತು ಚೌಕ, ಇದರದ್ದು ದುಂಡಗೆ.

ಚೌಕ ತೂತಿನ ನಾಣ್ಯ ಚೀನಾದ್ದೇ ಆಗಬೇಕೆಂದೂ ಇಲ್ಲ. ಜಪಾನ್, ಕೊರಿಯಾ, ವಿಯೆಟ್ನಾಂ ಮೂರೂ ಅದೇ ಮಾದರಿಯಲ್ಲಿ ಎರಕ ಹೊಯ್ದಿವೆ. ತೂತಿನ ಮೇಲೆ, ಕೆಳಗೆ, ಬಲಕ್ಕೆ, ಎಡಕ್ಕೆ ಇರುವ ನಾಲ್ಕು ಅಕ್ಷರಗಳನ್ನು ಪಟ್ಟಿಯೊಂದಿಗೆ ಒಂದೊಂದಾಗಿ ಹೋಲಿಸಬೇಕು. ಹಿಂಬದಿಯಲ್ಲಿ ಅಕ್ಕಪಕ್ಕ ಮಂಚು ಲಿಪಿ ಇದ್ದರೆ ಚೀನಾದ ಚಿಂಗ್ ರಾಜವಂಶದ ಕಾಲದ್ದು ಅನ್ನಲು ಬಲವಾದ ಸಾಕ್ಷಿ.

ನ್ಯುಮಿಸ್ಟಾದ ಮಿತಿ ಏನೆಂದರೆ, ಹಳೆಯ ಕಾಲಕ್ಕೆ ಹೋದಷ್ಟೂ ಅದರ ವಿವರ ತೆಳುವಾಗುತ್ತದೆ. ಇಸ್ಲಾಮಿಕ್ ಮತ್ತು ಮಧ್ಯ ಏಷ್ಯಾದ ನಾಣ್ಯಗಳಿಗೆ ಝೆನೋ ಎಂಬ ಚಿತ್ರಕೋಶ ನೋಡಿ. ರೋಮನ್ ಸಾಮ್ರಾಜ್ಯದ್ದಕ್ಕೆ ಅಮೆರಿಕನ್ ನ್ಯುಮಿಸ್ಮ್ಯಾಟಿಕ್ ಸೊಸೈಟಿ ನಡೆಸುವ ಓಸಿಆರ್‌ಇ ಎಂಬ ಆನ್‌ಲೈನ್ ಪಟ್ಟಿ ಇದೆ. ಎರಡೂ ಉಚಿತ.

ಮುದ್ರಿತ ಕ್ಯಾಟಲಾಗ್

ಕ್ರೌಸ್ ಕ್ಯಾಟಲಾಗ್ 1972ರಿಂದ ಬಂದದ್ದು. ಆಮೇಲೆ ಶತಮಾನಕ್ಕೊಂದು ಸಂಪುಟದಂತೆ ಬಂತು, 1601ರಿಂದ ಶುರು. ಮಾರುವವರು ಬರೆಯುವ ಕೆಎಂ ಸಂಖ್ಯೆ ಇದರದ್ದೇ. ಆನ್‌ಲೈನ್‌ನಲ್ಲೂ ಅದೇ ಸಂಖ್ಯೆ ಸಿಗುವುದರಿಂದ ಇದಕ್ಕಾಗಿ ಪುಸ್ತಕ ಕೊಳ್ಳಬೇಕಾಗಿಲ್ಲ. ಆದರೂ ಒಂದೇ ದೇಶ ಅಥವಾ ಒಂದೇ ಕಾಲದ ನಾಣ್ಯ ಕೂಡಿಡುವವರಿಗೆ ಪುಸ್ತಕದಷ್ಟು ಸುಖ ಬೇರೆಯದರಲ್ಲಿಲ್ಲ. ಪುಟ ತಿರುಗಿಸುವಾಗ ಪಕ್ಕದ ನಾಣ್ಯಗಳೂ ಕಣ್ಣಿಗೆ ಬೀಳುತ್ತವೆ, ಒಂದು ದೇಶದ ನಾಣ್ಯಮಾಲೆ ಹೇಗೆ ಬೆಳೆಯಿತು ಅನ್ನುವುದು ತಲೆಯಲ್ಲಿ ಕೂರುತ್ತದೆ. ಹಳೆಯ ಆವೃತ್ತಿ ಕಡಿಮೆ ಬೆಲೆಗೆ ಸಿಕ್ಕರೆ ಗುರುತಿಸಲು ಅದೇ ಸಾಕು. ಅದರಲ್ಲಿರುವ ಬೆಲೆಗಳನ್ನು ಮಾತ್ರ ಬಿಟ್ಟುಬಿಡಿ.

ತಿಳಿದವರನ್ನು ಕೇಳುವುದು

ನಾಣ್ಯ ಸಂಘಗಳು, ಆನ್‌ಲೈನ್ ಗುಂಪುಗಳು, ವಸ್ತು ಸಂಗ್ರಹಾಲಯಗಳ ನಾಣ್ಯ ವಿಭಾಗ. ಯಂತ್ರ ಸೋತಲ್ಲಿ ಮನುಷ್ಯರ ಕಣ್ಣು ಗೆಲ್ಲುತ್ತದೆ. ಸುತ್ತಿಗೆಯಿಂದ ಹೊಡೆದು ಅಚ್ಚು ಹಾಕಿದ, ಅರ್ಧ ಅಕ್ಷರವೇ ಬಿದ್ದಿರದ ನಾಣ್ಯಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಎರಡೂ ಬದಿಯ ಸ್ಪಷ್ಟ ಫೋಟೋ, ತೂಕ, ವ್ಯಾಸ ಕೊಟ್ಟು ಕೇಳಿದರೆ ಸಂಗ್ರಾಹಕರು ಮನಸ್ಸು ಬಿಚ್ಚಿ ಸಹಾಯ ಮಾಡುತ್ತಾರೆ. ಮಸುಕು ಫೋಟೋ ಹಾಕಿ ಎಷ್ಟು ಬೆಲೆ ಅಂತ ಮಾತ್ರ ಕೇಳಿದರೆ ಉತ್ತರ ಬರುವುದು ಕಷ್ಟ. ಸಂಗ್ರಹಾಲಯದವರು ಗುರುತಿಸಿ ಕೊಟ್ಟಾರು, ಬೆಲೆ ಹೇಳುವುದು ಸಾಮಾನ್ಯವಾಗಿ ಅವರ ಕೆಲಸವಲ್ಲ.

ಈಗ ಬೆಲೆಯ ಕಡೆಗೆ

ಹಳೆಯದಾದಷ್ಟೂ ಬೆಲೆ ಜಾಸ್ತಿ ಅನ್ನುವ ನಂಬಿಕೆಯನ್ನು ಮೊದಲು ಬಿಡಬೇಕು. ನಾಲ್ಕನೇ ಶತಮಾನದ ರೋಮನ್ ಸಣ್ಣ ಕಂಚಿನ ನಾಣ್ಯಗಳು ಈಗಲೂ ನೆಲದಿಂದ ರಾಶಿರಾಶಿಯಾಗಿ ಸಿಗುತ್ತಿವೆ. ಸವೆದ ಒಂದನ್ನು ಯಾವ ಹೊಸ ಸಂಗ್ರಾಹಕರೂ ಕೊಳ್ಳಬಹುದು. ನೂರು ವರ್ಷ ತುಂಬದ ಕೆಲವು ನಾಣ್ಯಗಳು ಅದರ ಸಾವಿರ ಪಟ್ಟು ಬಾಳುತ್ತವೆ. ಎಷ್ಟು ಉಳಿದಿವೆ, ಎಷ್ಟು ಜನರಿಗೆ ಬೇಕು, ಎಂಥ ಸ್ಥಿತಿಯಲ್ಲಿದೆ ಅನ್ನುವ ಮೂರು ಸಂಗತಿಗಳ ಮೇಲೆ ಬೆಲೆ ನಿಲ್ಲುತ್ತದೆ.

ಇಸವಿಯ ಪಕ್ಕದ ಒಂದು ಅಕ್ಷರ ಎಷ್ಟು ಮಾಡಬಲ್ಲದು ನೋಡಿ. ಇಂಗ್ಲೆಂಡಿನ 1918ರ ಕಂಚಿನ ಪೆನ್ನಿ ಕೋಟಿಗಟ್ಟಲೆ ಅಚ್ಚಾಗಿದೆ, ಸವೆದದ್ದಕ್ಕೆ ಬೆಲೆ ಇಲ್ಲವೇ ಇಲ್ಲ ಅನ್ನಬಹುದು. ಆದರೆ ಆ ವರ್ಷ ಲಂಡನ್ ಟಂಕಸಾಲೆಗೆ ಕೆಲಸ ಹೆಚ್ಚಾಗಿ ಬರ್ಮಿಂಗ್‌ಹ್ಯಾಮಿನ ಹೀಟನ್ ಮತ್ತು ಕಿಂಗ್ಸ್ ನಾರ್ಟನ್ ಎಂಬ ಎರಡು ಖಾಸಗಿ ಕಾರ್ಖಾನೆಗಳೂ ಸ್ವಲ್ಪ ಪೆನ್ನಿ ಮಾಡಿಕೊಟ್ಟವು. ಇಸವಿಯ ಎಡಗಡೆ ಪುಟ್ಟದಾಗಿ ಎಚ್ ಅಥವಾ ಕೆಎನ್ ಇದ್ದರೆ ಅವು ಆ ಕಾರ್ಖಾನೆಗಳವು. ಅದೇ ರಾಜ, ಅದೇ ಇಸವಿ, ಅದೇ ತೂಕ. ಸವೆಯದ ಕೆಎನ್ ಪೆನ್ನಿಗೆ ಮಾಮೂಲಿಯ ಹಲವು ಪಟ್ಟು ಬೆಲೆ. ಭೂತಗನ್ನಡಿ ಹಿಡಿಯದವರಿಗೆ ಅದು ಕಾಣುವುದೇ ಇಲ್ಲ.

ಸ್ಥಿತಿಗೆ ಹೆಸರುಗಳಿವೆ: ಗುಡ್, ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಅನ್‌ಸರ್ಕ್ಯುಲೇಟೆಡ್. ಹೆಸರು ಕೇಳಿ ಮೋಸ ಹೋಗಬೇಡಿ, ಗುಡ್ ಅಂದರೆ ಚೆನ್ನಾಗಿ ಸವೆದದ್ದು ಅಂತಲೇ ಅರ್ಥ. ಒಂದು ಮೆಟ್ಟಿಲು ಮೇಲೆ ಹೋದರೆ ಬೆಲೆ ಒಂದಿಷ್ಟು ಏರಬಹುದು, ಕೊನೆಯ ಮೆಟ್ಟಿಲಲ್ಲಿ ಹತ್ತು ಪಟ್ಟು ಹಾರಬಹುದು. ಹೊಸಬರು ತಮ್ಮ ನಾಣ್ಯವನ್ನು ಒಂದೆರಡು ಮೆಟ್ಟಿಲು ಮೇಲೆಯೇ ಅಂದಾಜು ಮಾಡುತ್ತಾರೆ. ರಾಜನ ಕೆನ್ನೆ, ಕಿವಿಯ ಮೇಲಿನ ಕೂದಲು, ಗುರಾಣಿಯ ನಡುಭಾಗ ಹೀಗೆ ಉಬ್ಬಿದ ಜಾಗಗಳೇ ಮೊದಲು ಸವೆಯುವುದು. ಅಲ್ಲಿ ನೋಡಿ ತೀರ್ಮಾನಿಸಿ.

ಲೋಹದ ಬೆಲೆ

ಎಲ್ಲಕ್ಕಿಂತ ಗಟ್ಟಿ ಲೆಕ್ಕ ಇದು. ತೂಕವನ್ನು ಶುದ್ಧತೆಯಿಂದ ಗುಣಿಸಿ, ಆ ದಿನದ ಬೆಳ್ಳಿ ಅಥವಾ ಚಿನ್ನದ ದರ ಹಾಕಿದರೆ ಆಯಿತು. ಅದಕ್ಕಿಂತ ತೀರಾ ಕೆಳಗೆ ಯಾರಾದರೂ ಕೇಳಿದರೆ ಕೊಡಬೇಕಿಲ್ಲ. ಆಸ್ಟ್ರಿಯಾದ ರಾಣಿಯ ಹೆಸರಿನ ಮರಿಯಾ ತೆರೇಸಾ ಥಾಲರ್ ಇದಕ್ಕೆ ಸರಿಯಾದ ನಾಣ್ಯ. ಸುಮಾರು 40 ಮಿಲಿಮೀಟರ್ ಅಗಲ, 28.07 ಗ್ರಾಂ ತೂಕ, ಸಾವಿರಕ್ಕೆ 833 ಪಾಲು ಬೆಳ್ಳಿ. ಇಸವಿ 1780. ಎರಡೂಕಾಲು ಶತಮಾನ ದಾಟಿದ ನಾಣ್ಯ ಅಂತ ಹಿಗ್ಗುವ ಮೊದಲು ತಿಳಿಯಬೇಕಾದದ್ದು, ಆ ರಾಣಿ ತೀರಿಕೊಂಡ ಮೇಲೂ ಅರೇಬಿಯಾ, ಇಥಿಯೋಪಿಯಾ ಕಡೆಯ ವ್ಯಾಪಾರಕ್ಕೆ ಅದೇ ಇಸವಿ ಹಾಕಿ ವಿಯೆನ್ನಾ, ಲಂಡನ್, ರೋಮ್ ಮುಂತಾದ ಕಡೆ ಮತ್ತೆ ಮತ್ತೆ ಅಚ್ಚು ಹಾಕಿದ್ದಾರೆ. ಹಾಗಾಗಿ ಕೈಗೆ ಸಿಗುವ ಬಹುಪಾಲು ಥಾಲರ್‌ಗಳಿಗೆ ಬೆಳ್ಳಿಯ ಬೆಲೆಗಿಂತ ಸ್ವಲ್ಪ ಮೇಲೆ ಸಿಗುತ್ತದೆ, ಅಷ್ಟೇ. ರಾಣಿಯ ಒಡವೆಯ ಮುತ್ತು, ಹದ್ದಿನ ಬಾಲದ ಗರಿ ಎಣಿಸಿ ಯಾವ ಕಾಲದ ಅಚ್ಚು ಅಂತ ಹೇಳುವ ತಜ್ಞರಿದ್ದಾರೆ. ಅಪರೂಪದ ಅಚ್ಚು ಇರಬಹುದೆಂಬ ಗುಮಾನಿ ಇದ್ದರೆ ಮಾತ್ರ ಅವರ ಬಳಿ ಹೋಗಿ.

ಬೆಳ್ಳಿಯೇ ಹೌದೋ ಅಂತ ನೋಡಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ. ಅಯಸ್ಕಾಂತಕ್ಕೆ ಅಂಟಿದರೆ ಬೆಳ್ಳಿಯಲ್ಲ. ಅಂಟಲಿಲ್ಲ ಅಂದರೆ ಬೆಳ್ಳಿ ಅಂತ ಖಾತ್ರಿಯೂ ಇಲ್ಲ, ತಾಮ್ರ, ಹಿತ್ತಾಳೆ, ಸೀಸ ಯಾವುದೂ ಅಂಟುವುದಿಲ್ಲ. ಆಗ ಒಂದು ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ಲೋಟದ ತಳ ಮತ್ತು ಗೋಡೆಗೆ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ನಾಣ್ಯದ ತೂಕವನ್ನು ಈಗ ತಕ್ಕಡಿ ತೋರಿಸುವ ಸಂಖ್ಯೆಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಅಸಲಿ ಥಾಲರ್ ಆದರೆ ತಕ್ಕಡಿ ಸುಮಾರು 2.75 ತೋರಿಸಬೇಕು, ಸಾಂದ್ರತೆ 10.2. ತಾಮ್ರ ಮತ್ತು ನಿಕ್ಕಲ್ ಮಿಶ್ರಣವಾದರೆ 3.15ರ ಹತ್ತಿರ ತೋರಿಸುತ್ತದೆ, ಸಾಂದ್ರತೆ 8.9. ಆಮೇಲೆ ಮೆತ್ತಗಿನ ಬಟ್ಟೆಯಲ್ಲಿ ಒತ್ತಿ ನೀರು ಹೀರಿಸಿ, ಉಜ್ಜಬೇಡಿ.

ಚೀನಾದ ಯುವಾನ್ ಶಿಕಾಯ್ ತಲೆಯ ಬೆಳ್ಳಿ ಡಾಲರ್, ಅಮೆರಿಕದ 1873ರಿಂದ ಶುರುವಾದ ಟ್ರೇಡ್ ಡಾಲರ್ ಇವೆರಡರಲ್ಲಿ ನಕಲಿ ವಿಪರೀತ. ಈ ಪರೀಕ್ಷೆ ಮಾಡದೆ ಇವುಗಳ ಬೆಲೆಯ ಮಾತೇ ಎತ್ತಬೇಡಿ.

ಕೇಳಿದ ಬೆಲೆ, ಕೊಟ್ಟ ಬೆಲೆ

ಕ್ಯಾಟಲಾಗಿನ ಬೆಲೆ ಅಂದಾಜು ಮಾತ್ರ. ಯಾವ ನಾಣ್ಯ ಮಾಮೂಲಿ, ಯಾವ ಇಸವಿ ಅಪರೂಪ ಅಂತ ತಿಳಿಯಲು ಅದು ಒಳ್ಳೆಯದು. ಒಂದು ಇಸವಿಗೆ ಉಳಿದವುಗಳ ಇಪ್ಪತ್ತು ಪಟ್ಟು ಬರೆದಿದ್ದರೆ ಅಲ್ಲೇನೋ ಇದೆ ಅಂತ ಗೊತ್ತಾಗುತ್ತದೆ.

ಮಾರಾಟ ತಾಣಗಳಲ್ಲಿ ಯಾರು ಎಷ್ಟು ಬೇಕಾದರೂ ಕೇಳಬಹುದು. ಈಬೇಯಲ್ಲಿ ಮಾರಾಟವಾದವುಗಳನ್ನು ಮಾತ್ರ ತೋರಿಸು ಅನ್ನುವ ಆಯ್ಕೆ ಇದೆ, ಅದನ್ನು ಒತ್ತಿದ ಮೇಲೆ ಕಾಣುವುದೇ ಲೆಕ್ಕ. ಚೌಕಾಸಿಯಲ್ಲಿ ಮಾರಿದ್ದಕ್ಕೆ ಅಲ್ಲಿ ಕಾಣುವ ಸಂಖ್ಯೆ ನಿಜವಾದ ಬೆಲೆಗಿಂತ ಹೆಚ್ಚಿರಬಹುದು ಅನ್ನುವುದು ನೆನಪಿರಲಿ. ಒಂದು ಮಾರಾಟ ನೋಡಿ ನಿರ್ಧರಿಸಬೇಡಿ. ಅದೇ ಇಸವಿ, ಹೆಚ್ಚುಕಡಿಮೆ ಅದೇ ಸವೆತ ಇರುವ ಐದಾರನ್ನು ನೋಡಿ, ತೀರಾ ಮೇಲಿನದನ್ನೂ ತೀರಾ ಕೆಳಗಿನದನ್ನೂ ಬಿಟ್ಟು ನಡುವಿನದನ್ನು ಹಿಡಿಯಿರಿ. ಮಾಮೂಲಿ ನಾಣ್ಯಗಳಿಗೆ ಇದಕ್ಕಿಂತ ನೇರವಾದ ದಾರಿ ನಾನು ಕಂಡಿಲ್ಲ.

ದುಬಾರಿ ನಾಣ್ಯಗಳಿಗೆ ಹರಾಜು ದಾಖಲೆಗಳೇ ಸರಿ. ಹೆರಿಟೇಜ್ ಸಂಸ್ಥೆಯ ಹಳೆಯ ಹರಾಜುಗಳ ಬೆಲೆ ಉಚಿತ ಖಾತೆ ತೆರೆದರೆ ಸಿಗುತ್ತದೆ. ಎಸಿಸರ್ಚ್ ಎಂಬ ತಾಣದಲ್ಲಿ ಯುರೋಪಿನ ಹರಾಜುಗಳ ಚಿತ್ರಗಳನ್ನು ಸುಮ್ನೆ ಹುಡುಕಬಹುದು, ಬೆಲೆ ನೋಡಲು ಮಾತ್ರ ಚಂದಾ ಬೇಕು. ಒಂದು ದೊಡ್ಡ ನಾಣ್ಯ ಮಾರುವ ಯೋಚನೆ ಇದ್ದರೆ ಅದು ವ್ಯರ್ಥ ಖರ್ಚಲ್ಲ. ಹರಾಜಿನ ಬೆಲೆ ಓದುವಾಗ ಒಂದು ಎಚ್ಚರ: ಕೊಳ್ಳುವವರು ಸಂಸ್ಥೆಗೆ ಕೊಡುವ ಕಮಿಷನ್ ಸೇರಿದೆಯೋ ಇಲ್ಲವೋ ನೋಡಿ. ಅದು ಸಾಮಾನ್ಯವಾಗಿ ನೂರಕ್ಕೆ ಇಪ್ಪತ್ತರ ಆಸುಪಾಸು ಇರುತ್ತದೆ, ಮಾರುವವರ ಕೈಗೆ ಅದು ಬರುವುದಿಲ್ಲ.

ಡೀಲರ್ ಮತ್ತು ಗ್ರೇಡಿಂಗ್

ಡೀಲರ್ ಬಳಿ ಹೋದರೆ ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ, ನಕಲಿ ಇದ್ದರೆ ಕೈಗೆತ್ತಿಕೊಂಡ ಕೂಡಲೇ ಹೇಳಬಲ್ಲರು. ಆದರೆ ಬೆಲೆ ಹೇಳುವವರೇ ಕೊಳ್ಳುವವರೂ ಆಗಿರುತ್ತಾರೆ. ಅಂಗಡಿ ನಡೆಸಬೇಕಾದವರು ತಾವು ಮಾರುವ ಬೆಲೆಗಿಂತ ಸಾಕಷ್ಟು ಕಡಿಮೆಗೆ ಕೊಳ್ಳುವುದು ಸಹಜ, ಅದರಲ್ಲಿ ಮೋಸವೇನಿಲ್ಲ. ಆದ್ದರಿಂದ ಅವರ ಬಳಿ ಮೊದಲ ದಿನವೇ ಹೋಗಬೇಡಿ. ಏನಿದೆ ಅನ್ನುವ ಪಟ್ಟಿ ನಿಮ್ಮ ಕೈಯಲ್ಲಿದ್ದ ಮೇಲೆ ಹೋಗಿ, ಸಾಧ್ಯವಾದರೆ ಇಬ್ಬರನ್ನು ಕೇಳಿ. ಆಸ್ತಿ ಪಾಲು ಅಥವಾ ವಿಮೆಗಾಗಿ ಬರಹದಲ್ಲಿ ಮೌಲ್ಯ ಬೇಕಿದ್ದರೆ, ಕೊಳ್ಳುವ ಉದ್ದೇಶವಿಲ್ಲದ, ಶುಲ್ಕ ತೆಗೆದುಕೊಳ್ಳುವ ಮೌಲ್ಯಮಾಪಕರೇ ಸರಿ.

ಅಮೆರಿಕದ ಎರಡು ಸಂಸ್ಥೆಗಳು, ಪಿಸಿಜಿಎಸ್ 1986ರಿಂದ, ಎನ್‌ಜಿಸಿ 1987ರಿಂದ ಗ್ರೇಡಿಂಗ್ ಮಾಡುತ್ತಿವೆ. ನಾಣ್ಯ ಅಸಲಿಯೇ ಅಂತ ನೋಡಿ, 1ರಿಂದ 70ರವರೆಗಿನ ಅಂಕ ಕೊಟ್ಟು, ಮುಚ್ಚಿದ ಪ್ಲಾಸ್ಟಿಕ್ ಕವಚದಲ್ಲಿ ಕೊಡುತ್ತವೆ. ನಂಬಿಕೆಯ ವಿಷಯದಲ್ಲಿ ಇದಕ್ಕೆ ಎದುರಿಲ್ಲ. ಕಾಣದ ಊರಿನ ಗಿರಾಕಿಯೂ ಧೈರ್ಯವಾಗಿ ಕೊಳ್ಳುತ್ತಾರೆ. ಆದರೆ ಶುಲ್ಕ, ಅಂಚೆ, ವಿಮೆ ಸೇರಿದರೆ ಮಾಮೂಲಿ ನಾಣ್ಯದ ಬೆಲೆಯನ್ನೇ ಮೀರುತ್ತದೆ. ನಾನು ಹಿಡಿಯುವ ಲೆಕ್ಕ ಹೀಗಿದೆ: ಗ್ರೇಡಿಂಗ್ ಇಲ್ಲದೆಯೇ ಆ ನಾಣ್ಯಕ್ಕೆ ಒಟ್ಟು ಖರ್ಚಿನ ಐದು ಪಟ್ಟಾದರೂ ಬೆಲೆ ಬರುವಂತಿದ್ದರೆ ಕಳುಹಿಸಿ. ಉಜ್ಜಿ ತೊಳೆದ ನಾಣ್ಯವನ್ನು ಕಳುಹಿಸಲೇಬೇಡಿ, ಅಂಕದ ಬದಲು ತೊಳೆದದ್ದು ಎಂಬ ಟಿಪ್ಪಣಿ ಬರುತ್ತದೆ.

ನಿಮಗೆ ಯಾವುದು ಹೊಂದುತ್ತದೆ

ಬರೀ ಕುತೂಹಲಕ್ಕೆ, ಮಕ್ಕಳಿಗೆ ತೋರಿಸಲು ಅನ್ನುವವರಿಗೆ ಆ್ಯಪ್ ಮತ್ತು ನ್ಯುಮಿಸ್ಟಾ ಸಾಕು. ಬೆಲೆಯ ಗೊಡವೆಯೇ ಬೇಡ. ಆ ತುರ್ಕಿ ನಾಣ್ಯದ ಇಸವಿ ಬಿಡಿಸಿದಾಗ ಸಿಗುವ ಖುಷಿಗೆ ತಕ್ಕಡಿಯೂ ಬೇಕಿಲ್ಲ.

ಹಿರಿಯರಿಂದ ಬಂದ ದೊಡ್ಡ ಡಬ್ಬಿ ಇದ್ದವರು ಮೊದಲು ಮೂರು ಗುಂಪು ಮಾಡಿ. ಬೆಳ್ಳಿ, ಚಿನ್ನ ಇರಬಹುದಾದವು ಒಂದು. 1850ಕ್ಕಿಂತ ಹಿಂದಿನವು ಮತ್ತು ಯಾವ ಕಾಲದ್ದೆಂದು ತಿಳಿಯದವು ಇನ್ನೊಂದು. ಉಳಿದವೆಲ್ಲ ಮೂರನೆಯದು. ಮೂರನೇ ಗುಂಪೇ ದೊಡ್ಡದಿರುತ್ತದೆ, ಅದರ ಮೇಲೆ ಸಮಯ ಸುರಿಯಬೇಡಿ, ಇಸವಿ ಮತ್ತು ಟಂಕಸಾಲೆ ಗುರುತನ್ನು ಒಮ್ಮೆ ಕ್ಯಾಟಲಾಗಿನೊಂದಿಗೆ ತಾಳೆ ನೋಡಿದರೆ ಸಾಕು. ಮೊದಲ ಗುಂಪಿಗೆ ತಕ್ಕಡಿ, ನೀರಿನ ಪರೀಕ್ಷೆ, ಲೋಹದ ಲೆಕ್ಕ. ಎರಡನೆಯದಕ್ಕೆ ತಿಳಿದವರ ಅಭಿಪ್ರಾಯ ಮತ್ತು ಹರಾಜು ದಾಖಲೆ. ಇದೆಲ್ಲ ಆದ ಮೇಲೆ ಒಂದೆರಡು ನಾಣ್ಯ ಎದ್ದು ಕಂಡರೆ ಅವಕ್ಕೆ ಮಾತ್ರ ದುಡ್ಡು ಖರ್ಚು ಮಾಡಿ.

ಹವ್ಯಾಸವಾಗಿ ಮುಂದುವರಿಸುವ ಆಸೆ ಇದ್ದವರು ಒಂದು ದೇಶ ಹಿಡಿದು, ಅದರ ಪುಸ್ತಕ ಕೊಳ್ಳಿ. ಒಂದೇ ಒಂದು ದುಬಾರಿ ನಾಣ್ಯ ಕೈಗೆ ಬಂದವರಿಗೆ ಆ್ಯಪ್, ಅಂಗಡಿ ಎರಡೂ ಬೇಡ. ಹರಾಜು ದಾಖಲೆಯಲ್ಲಿ ಅದರ ಜೋಡಿ ಹುಡುಕಿ, ಸಿಕ್ಕರೆ ಗ್ರೇಡಿಂಗ್‌ಗೆ ಕಳುಹಿಸಿ, ಆಮೇಲೆ ಹರಾಜು ಸಂಸ್ಥೆಯ ಜೊತೆ ಮಾತಾಡಿ.

ಎಲ್ಲರೂ ಮರೆಯುವ ಇನ್ನೊಂದು ದಾರಿ ಮುಖಬೆಲೆ. ಜರ್ಮನಿಯ ಹಳೆಯ ಡಾಯ್ಚ್ ಮಾರ್ಕ್ ಚಲಾವಣೆ ನಿಂತು ಕಾಲವಾದರೂ ಅಲ್ಲಿನ ಕೇಂದ್ರ ಬ್ಯಾಂಕ್ ಅದರ ನೋಟು, ನಾಣ್ಯ ಎರಡನ್ನೂ ಕಾಲಮಿತಿಯಿಲ್ಲದೆ ಬದಲಿಸಿಕೊಡುತ್ತದೆ, ಒಂದು ಯೂರೋಗೆ 1.95583 ಮಾರ್ಕ್ ಲೆಕ್ಕದಲ್ಲಿ. ಡಬ್ಬಿಯಲ್ಲಿ 5 ಮಾರ್ಕ್ ನಾಣ್ಯಗಳು ಹತ್ತಾರು ಇದ್ದರೆ ಸಂಗ್ರಾಹಕರು ಕೊಡುವುದು, ಬೆಳ್ಳಿಯ ಬೆಲೆ, ಬ್ಯಾಂಕಿನ ಬೆಲೆ ಮೂರನ್ನೂ ಹೋಲಿಸಿ. ಅದರಲ್ಲಿ 1974ರವರೆಗಿನ ಮಾಮೂಲಿ 5 ಮಾರ್ಕ್‌ನಲ್ಲಿ ಸಾವಿರಕ್ಕೆ 625 ಪಾಲು ಬೆಳ್ಳಿ ಇದೆ, ಅದನ್ನು ಬೇರೆ ತೆಗೆದಿಟ್ಟು ಲೆಕ್ಕ ಹಾಕಿ.

ಮಾರುವುದಿಲ್ಲ, ಇಟ್ಟುಕೊಳ್ಳುತ್ತೇವೆ ಅನ್ನುವವರು ಪಿವಿಸಿ ಕವರ್‌ನಲ್ಲಿ ಇಡಬೇಡಿ, ಕಾಲಕ್ರಮದಲ್ಲಿ ಹಸಿರು ಜಿಗುಟು ಬಿಟ್ಟು ಲೋಹವನ್ನು ತಿನ್ನುತ್ತದೆ. ಮೈಲಾರ್ ಎಂಬ ಪಾರದರ್ಶಕ ಹಾಳೆಯ ಕಿಟಕಿ ಇರುವ ರಟ್ಟಿನ ಚೌಕಗಳು ಒಳ್ಳೆಯವು. ಅದರ ಮೇಲೆಯೇ ದೇಶ, ಇಸವಿ, ತೂಕ, ಕ್ಯಾಟಲಾಗ್ ಸಂಖ್ಯೆ ಪೆನ್ಸಿಲಿನಲ್ಲಿ ಬರೆದಿಡಿ. ಪಿನ್ ಹೊಡೆಯುವುದು ನಾಣ್ಯದ ಅಂಚಿಗೆ ತಾಗದಷ್ಟು ದೂರದಲ್ಲಿ.